ದೇಶ ಕಳೆದುಕೊಂಡವರಿಗೆ ಗುರುತು ಕೊಟ್ಟ ನಾನ್ಸೆನ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ, ಶಾಲೆಯ ಹಳೆಯ ನೆನಪುಗಳನ್ನು ಬರೆಯುವವರು ಬಹಳ ಮಂದಿ ಇದ್ದಾರೆ, ನಾನು ಪಾಠದ ವಿಷಯವನ್ನೇ ಬರೆಯುತ್ತೇನೆ ಎಂದು ಹೇಳಿದೆ. ಹತ್ತೊಂಬತ್ತು ವರ್ಷ ಈ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವನು ನಾನು. ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ಒಂದು ಪ್ರಶ್ನೆ ಈಗಲೂ ನೆನಪಿರಬೇಕು. ರಾಷ್ಟ್ರಸಂಘದ ವಿಫಲತೆಗೆ ಕಾರಣಗಳನ್ನು ಬರೆಯಿರಿ ಎಂಬುದೇ ಆ ಪ್ರಶ್ನೆ. ಅಮೆರಿಕ ಸದಸ್ಯನಾಗಲಿಲ್ಲ, ಸ್ವಂತ ಸೈನ್ಯವಿರಲಿಲ್ಲ, ದೊಡ್ಡ ರಾಷ್ಟ್ರಗಳು ತಮ್ಮ ಸ್ವಾರ್ಥ ಬಿಡಲಿಲ್ಲ, ಎರಡನೇ ಮಹಾಯುದ್ಧವನ್ನು ತಡೆಯಲಾಗಲಿಲ್ಲ ಎಂದು ನಾಲ್ಕು ಅಂಶ ಬರೆದರೆ ನಾಲ್ಕು ಅಂಕ.

ಆ ಉತ್ತರದಲ್ಲಿ ಸುಳ್ಳೇನೂ ಇಲ್ಲ. ಆದರೆ ವಿಫಲವಾಯಿತೆಂದು ನಾವು ಬಾಯಿಪಾಠ ಮಾಡಿದ ಅದೇ ಸಂಸ್ಥೆಯ ಹೆಸರಿನಲ್ಲಿ, ಸೈನ್ಯವಿಲ್ಲದೆ, ಹಣವಿಲ್ಲದೆ, ಕೆಲವೇ ಮಂದಿ ಸಹಾಯಕರನ್ನು ಇಟ್ಟುಕೊಂಡು ಒಬ್ಬ ಮನುಷ್ಯ ಲಕ್ಷಾಂತರ ಜನರನ್ನು ಮನೆಗೆ ಮುಟ್ಟಿಸಿದರು. ದೇಶವೇ ಇಲ್ಲದಂತಾದ ಲಕ್ಷಾಂತರ ಜನರಿಗೆ ಕೈಯಲ್ಲಿ ಹಿಡಿಯಲು ಒಂದು ಗುರುತಿನ ಕಾಗದ ಕೊಡಿಸಿದರು. ಅವರ ಹೆಸರು ಫ್ರಿಟ್ಯೋಫ್ ನಾನ್ಸೆನ್. ಪಠ್ಯಪುಸ್ತಕದಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಈ ಸಂಚಿಕೆಯಲ್ಲಾದರೂ ನಾಲ್ಕು ಪುಟ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹಿಮದ ನಾಡಿನ ಹುಡುಗ

ಯುರೋಪಿನ ಭೂಪಟದಲ್ಲಿ ಎಡಗಡೆ ಮೇಲ್ತುದಿಯಲ್ಲಿ, ಉದ್ದಕ್ಕೆ ಬಾಗಿಕೊಂಡಿರುವ ದೇಶವೇ ನಾರ್ವೆ. ಅದರ ರಾಜಧಾನಿ ಇಂದಿನ ಓಸ್ಲೋ. ಆಗ ಆ ಊರಿಗೆ ಕ್ರಿಸ್ಟಿಯಾನಿಯಾ ಎಂಬ ಹೆಸರಿತ್ತು. ಅದರ ಸಮೀಪದಲ್ಲೇ 1861ರ ಅಕ್ಟೋಬರ್ 10ರಂದು ನಾನ್ಸೆನ್ ಹುಟ್ಟಿದರು. ತಂದೆ ವಕೀಲರು, ಶಿಸ್ತಿನ ಮನುಷ್ಯ. ತಾಯಿ ಹಿಮದ ಮೇಲೆ ಜಾರುವ ಸ್ಕೀ ಆಟದಲ್ಲಿ ಗಟ್ಟಿಗಿತ್ತಿ. ನಮ್ಮ ಮಕ್ಕಳು ಕೆರೆಯಲ್ಲಿ ಈಜು ಕಲಿತಂತೆ ನಾನ್ಸೆನ್ ಚಿಕ್ಕಂದಿನಲ್ಲೇ ಹಿಮದ ಮೇಲೆ ಜಾರುವುದನ್ನು ಕಲಿತರು. ಕಾಡಿನಲ್ಲಿ ಒಬ್ಬರೇ ದಿನಗಟ್ಟಲೆ ಇದ್ದು ಬರುವ ಅಭ್ಯಾಸವೂ ಆಗಲೇ ಬಂತು.

ವಿಶ್ವವಿದ್ಯಾಲಯದಲ್ಲಿ ಅವರು ಆರಿಸಿಕೊಂಡದ್ದು ಪ್ರಾಣಿಶಾಸ್ತ್ರ. 1882ರಲ್ಲಿ ಸೀಲ್ ಬೇಟೆಯ ಹಡಗೊಂದನ್ನು ಹತ್ತಿ ಉತ್ತರದ ಹಿಮಸಮುದ್ರವನ್ನು ಕಂಡು ಬಂದರು. ನಂತರ ಬರ್ಗೆನ್ ಊರಿನ ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿ, ಸೂಕ್ಷ್ಮದರ್ಶಕದ ಮುಂದೆ ಕುಳಿತು ಸಣ್ಣ ಜೀವಿಗಳ ನರಮಂಡಲದ ಬಗ್ಗೆ ಸಂಶೋಧನೆ ನಡೆಸಿದರು. ನರಕೋಶಗಳು ಒಂದಕ್ಕೊಂದು ಬೆಸೆದುಕೊಂಡ ಬಲೆಯಲ್ಲ, ಪ್ರತಿಯೊಂದೂ ಬಿಡಿಯಾದ ಘಟಕ ಎಂಬ ತಿಳಿವಳಿಕೆಗೆ ಬುನಾದಿ ಹಾಕಿದವರಲ್ಲಿ ಅವರೂ ಒಬ್ಬರು. 1888ರಲ್ಲಿ ಅವರಿಗೆ ಡಾಕ್ಟರೇಟ್ ಬಂತು. ಅಲ್ಲಿಗೆ ನಿಂತಿದ್ದರೆ ಒಳ್ಳೆಯ ಪ್ರಾಧ್ಯಾಪಕರಾಗಿ ನಿವೃತ್ತರಾಗುತ್ತಿದ್ದರು. ಆದರೆ ಅದೇ ವರ್ಷ ಅವರು ಗ್ರೀನ್‌ಲ್ಯಾಂಡಿಗೆ ಹೊರಟರು.

ಹಿಂದಿರುಗುವ ದಾರಿ ಇಲ್ಲದ ಪಯಣ

ಗ್ರೀನ್‌ಲ್ಯಾಂಡ್ ಪ್ರಪಂಚದ ಅತಿ ದೊಡ್ಡ ದ್ವೀಪ. ಅದರ ಒಳನಾಡೆಲ್ಲ ಹಿಮದ ಗಡ್ಡೆ. ಅದನ್ನು ಅಡ್ಡವಾಗಿ ದಾಟಲು ಹೊರಟ ಹಿಂದಿನವರು ಜನವಸತಿಯಿದ್ದ ಪಶ್ಚಿಮ ತೀರದಿಂದ ಹೊರಟು, ಕಷ್ಟವಾದಾಗ ಹಿಂದಕ್ಕೆ ಬಂದುಬಿಡುತ್ತಿದ್ದರು. ನಾನ್ಸೆನ್ ಲೆಕ್ಕವನ್ನು ತಿರುಗಿಸಿ ಹಾಕಿದರು. ಜನರೇ ಇಲ್ಲದ ಪೂರ್ವ ತೀರದಲ್ಲಿ ಇಳಿದರು. ಅಲ್ಲಿಂದ ಹಿಂದಕ್ಕೆ ಹೋದರೆ ಸಾವು, ಮುಂದಕ್ಕೆ ಹೋದರೆ ಊರು. ಜೊತೆಯಲ್ಲಿ ಐದು ಮಂದಿ, ಅವರಲ್ಲಿ ಇಬ್ಬರು ಉತ್ತರ ನಾರ್ವೆಯ ಸಾಮಿ ಬುಡಕಟ್ಟಿನವರು. ರಾತ್ರಿಯ ಚಳಿ ಸೊನ್ನೆಗಿಂತ 40 ಡಿಗ್ರಿಗೂ ಕೆಳಕ್ಕೆ ಇಳಿಯುತ್ತಿದ್ದ ಬಯಲನ್ನು ಆ ಆರು ಮಂದಿ ಸ್ಕೀ ಮೇಲೆ ದಾಟಿ ಪಶ್ಚಿಮ ತೀರವನ್ನು ಮುಟ್ಟಿದರು. ಆ ವರ್ಷದ ಕೊನೆಯ ಹಡಗು ಅಷ್ಟರಲ್ಲಿ ಹೊರಟುಹೋಗಿತ್ತು. ಚಳಿಗಾಲವಿಡೀ ಅಲ್ಲೇ ಉಳಿದ ನಾನ್ಸೆನ್ ಸ್ಥಳೀಯ ಇನ್ಯೂಯಿಟ್ ಜನರೊಂದಿಗೆ ಬೆರೆತು, ಅವರ ಚರ್ಮದ ದೋಣಿ ನಡೆಸುವುದನ್ನೂ ಬೇಟೆಯನ್ನೂ ಬದುಕುವ ಕ್ರಮವನ್ನೂ ಕಲಿತರು.

ಮುಂದಿನ ಸಾಹಸ ಇನ್ನೂ ದೊಡ್ಡದು. ಸೈಬೀರಿಯಾದ ಉತ್ತರಕ್ಕೆ ಹಿಮದಲ್ಲಿ ಸಿಕ್ಕಿ ನುಚ್ಚುನೂರಾದ ಅಮೆರಿಕದ ಹಡಗೊಂದರ ಸಾಮಾನುಗಳು ಮೂರು ವರ್ಷದ ಮೇಲೆ ಗ್ರೀನ್‌ಲ್ಯಾಂಡಿನ ತೀರದಲ್ಲಿ ಸಿಕ್ಕಿದ್ದವು. ಹಾಗಾದರೆ ಧ್ರುವದ ಹಿಮವೇ ನಿಧಾನವಾಗಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತಿರಬೇಕು ಎಂದು ನಾನ್ಸೆನ್ ಊಹಿಸಿದರು. ಹಿಮ ಒತ್ತಿದಾಗ ಒಡೆಯದೆ ಮೇಲಕ್ಕೆ ಎದ್ದುಕೊಳ್ಳುವಂತೆ ದುಂಡನೆಯ ತಳದ ಹಡಗೊಂದನ್ನು ಕಟ್ಟಿಸಿದರು. ಅದರ ಹೆಸರು ಫ್ರಾಮ್, ಅಂದರೆ ಮುಂದಕ್ಕೆ. 1893ರಲ್ಲಿ ಹದಿಮೂರು ಮಂದಿ ಅದರಲ್ಲಿ ಹೊರಟು ಬೇಕೆಂದೇ ಹಿಮದಲ್ಲಿ ಸಿಕ್ಕಿಕೊಂಡರು. ಹಡಗು ಧ್ರುವವನ್ನು ಮುಟ್ಟುವುದಿಲ್ಲ ಎಂದು ತಿಳಿದಾಗ, 1895ರ ಮಾರ್ಚಿಯಲ್ಲಿ ನಾನ್ಸೆನ್ ಮತ್ತು ಯೋಹಾನ್ಸೆನ್ ಎಂಬ ಸಂಗಾತಿ ನಾಯಿಬಂಡಿಗಳೊಂದಿಗೆ ಇಳಿದು ನಡೆದರು. 86 ಡಿಗ್ರಿ 14 ನಿಮಿಷ ಉತ್ತರ ಅಕ್ಷಾಂಶದವರೆಗೆ ಹೋದರು. ಅಲ್ಲಿಯವರೆಗೆ ಯಾವ ಮನುಷ್ಯನೂ ಅಷ್ಟು ಉತ್ತರಕ್ಕೆ ಹೋಗಿರಲಿಲ್ಲ. ಹಿಂದಿರುಗುವಾಗ ಚಳಿಗಾಲ ಹಿಡಿಯಿತು. ಕಲ್ಲಿನ ಗುಡಿಸಲು ಕಟ್ಟಿಕೊಂಡು, ಕರಡಿ ಮತ್ತು ವಾಲ್ರಸ್ ಮಾಂಸ ತಿಂದು ತಿಂಗಳುಗಟ್ಟಲೆ ಕಳೆದರು. 1896ರಲ್ಲಿ ಅವರು ನಾರ್ವೆಗೆ ಬಂದಿಳಿದ ಕೆಲವೇ ದಿನಗಳಲ್ಲಿ ಫ್ರಾಮ್ ಹಡಗೂ ಬಂತು. ಹದಿಮೂರು ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ.

ಈ ಸಾಹಸದ ಕಥೆಯನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಮುಂದೆ ಅವರು ಸರ್ಕಾರಗಳ ಬಾಗಿಲು ತಟ್ಟಿದಾಗ ಬಾಗಿಲು ತೆರೆದದ್ದು ಈ ಹೆಸರಿಗೆ. ಚಳಿ, ಹಸಿವು, ದಾರಿ ಕಾಣದ ಬಯಲು ಇವೆಲ್ಲ ಏನೆಂದು ಅವರು ಮೈಯಿಂದ ಕಲಿತಿದ್ದರು. ಯಾವುದನ್ನು ಎಷ್ಟು ಕೊಂಡೊಯ್ಯಬೇಕು, ಯಾವ ದಿನ ಎಲ್ಲಿರಬೇಕು ಎಂಬ ಲೆಕ್ಕವೂ ಅಲ್ಲೇ ಕಲಿತದ್ದು.

ರಾಯಭಾರದ ಪಾಠ

ಆಗ ನಾರ್ವೆ ಸ್ವತಂತ್ರವಾಗಿರಲಿಲ್ಲ, ಸ್ವೀಡನ್ ರಾಜನ ಕೆಳಗಿತ್ತು. 1905ರಲ್ಲಿ ಎರಡೂ ದೇಶ ಬೇರೆಯಾದವು. ಯುದ್ಧವೇ ಆಗಬಹುದು ಎಂಬ ಭಯವಿದ್ದ ಹೊತ್ತಿನಲ್ಲಿ ನಾನ್ಸೆನ್ ತಮ್ಮ ದೇಶದ ಪರವಾಗಿ ಹೊರದೇಶಗಳಲ್ಲಿ ವಾದಿಸಿದರು. ಡೆನ್ಮಾರ್ಕಿನ ರಾಜಕುಮಾರ ಕಾರ್ಲ್ ನಾರ್ವೆಯ ದೊರೆಯಾಗುವಂತೆ ಒಪ್ಪಿಸುವುದರಲ್ಲಿ ಅವರ ಪಾತ್ರವೂ ಇತ್ತು. ಆ ರಾಜಕುಮಾರನೇ ಏಳನೇ ಹಾಕೊನ್ ದೊರೆ. 1906ರಿಂದ 1908ರವರೆಗೆ ನಾನ್ಸೆನ್ ಲಂಡನ್ನಿನಲ್ಲಿ ಸ್ವತಂತ್ರ ನಾರ್ವೆಯ ಮೊದಲ ರಾಯಭಾರಿ. ಅದೇ ಅವಧಿಯಲ್ಲಿ, 1907ರ ಡಿಸೆಂಬರಿನಲ್ಲಿ, ಪತ್ನಿ ಈವಾ ಊರಿನಲ್ಲಿ ತೀರಿಕೊಂಡರು. ನಾನ್ಸೆನ್ ಮನೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಐದು ಮಕ್ಕಳನ್ನು ಬಿಟ್ಟು ಹೋದ ಆಕೆ ಒಳ್ಳೆಯ ಗಾಯಕಿಯಾಗಿದ್ದರು.

ಮೊದಲನೇ ಮಹಾಯುದ್ಧದಲ್ಲಿ ನಾರ್ವೆ ಯಾರ ಕಡೆಯೂ ಸೇರಲಿಲ್ಲ. ಆದರೆ ಹಡಗು ಸಂಚಾರ ನಿಂತು ಆಹಾರಕ್ಕೆ ಕೊರತೆಯಾಯಿತು. 1917ರಲ್ಲಿ ನಾನ್ಸೆನ್ ವಾಷಿಂಗ್ಟನ್ನಿಗೆ ಹೋಗಿ, ತಿಂಗಳುಗಟ್ಟಲೆ ಮಾತುಕತೆ ನಡೆಸಿ, 1918ರಲ್ಲಿ ತಮ್ಮ ದೇಶಕ್ಕೆ ಧಾನ್ಯ ಬರುವಂತೆ ಒಪ್ಪಂದ ಮಾಡಿಕೊಂಡರು. ಯುದ್ಧ ಮುಗಿಯುವ ವೇಳೆಗೆ ಅವರಿಗೆ ಐವತ್ತೇಳು ವಯಸ್ಸು. ನಮ್ಮ ಲೆಕ್ಕದಲ್ಲಿ ನಿವೃತ್ತಿಗೆ ಹತ್ತಿರ. ಅವರ ನಿಜವಾದ ಕೆಲಸ ಶುರುವಾದದ್ದು ಆಮೇಲೆ.

ರಷ್ಯಾದ ಕ್ರಾಂತಿ ಮತ್ತು ಮರೆತುಹೋದ ಕೈದಿಗಳು

1917ರಲ್ಲಿ ರಷ್ಯಾದಲ್ಲಿ ಝಾರ್ ದೊರೆಯ ಆಳ್ವಿಕೆ ಕುಸಿಯಿತು. ಅದೇ ವರ್ಷ ಲೆನಿನ್ ನೇತೃತ್ವದ ಬೋಲ್ಶೆವಿಕ್ ಕಮ್ಯುನಿಸ್ಟರು ಅಧಿಕಾರ ಹಿಡಿದರು. ಅವರ ಕೆಂಪು ಸೇನೆಗೂ ವಿರೋಧಿಗಳ ಬಿಳಿ ಸೇನೆಗೂ ವರ್ಷಗಟ್ಟಲೆ ಅಂತರ್ಯುದ್ಧ ನಡೆಯಿತು. ಯುರೋಪಿನ ಸರ್ಕಾರಗಳಲ್ಲಿ ಹೆಚ್ಚಿನವು ಹೊಸ ಸರ್ಕಾರವನ್ನು ಮಾನ್ಯ ಮಾಡಲಿಲ್ಲ. ಆ ಸರ್ಕಾರವೂ ರಾಷ್ಟ್ರಸಂಘವನ್ನು ಮಾನ್ಯ ಮಾಡಲಿಲ್ಲ. ಇಬ್ಬರ ನಡುವೆ ಮಾತೇ ಇರಲಿಲ್ಲ.

ಈ ಮಾತಿಲ್ಲದ ಜಗಳದ ನಡುವೆ ಸಿಕ್ಕಿಕೊಂಡವರು ಯುದ್ಧಕೈದಿಗಳು. ಜರ್ಮನಿ, ಆಸ್ಟ್ರಿಯಾ, ಹಂಗೇರಿ ಮೊದಲಾದ ಕಡೆಯ ಸೈನಿಕರು ಸೈಬೀರಿಯಾದವರೆಗೂ ಶಿಬಿರಗಳಲ್ಲಿ ಬಿದ್ದಿದ್ದರು. ರಷ್ಯಾದ ಸೈನಿಕರು ಜರ್ಮನಿಯಲ್ಲಿ ಉಳಿದಿದ್ದರು. ಯುದ್ಧ ಮುಗಿದು ಎರಡು ವರ್ಷವಾಗುತ್ತಾ ಬಂದಿತ್ತು. ಮನೆಯವರು ಇವರನ್ನು ಸತ್ತರೆಂದೇ ತಿಳಿದಿದ್ದಿರಬೇಕು. 1920ರ ಏಪ್ರಿಲಿನಲ್ಲಿ ರಾಷ್ಟ್ರಸಂಘ ಇವರನ್ನು ಊರಿಗೆ ಮುಟ್ಟಿಸುವ ಹೊಣೆಯನ್ನು ನಾನ್ಸೆನ್ ಅವರಿಗೆ ಒಪ್ಪಿಸಿತು.

ರಾಷ್ಟ್ರಸಂಘದ ಪ್ರತಿನಿಧಿಯೊಂದಿಗೆ ಮಾತಾಡುವುದಿಲ್ಲ ಎಂಬುದು ಮಾಸ್ಕೋ ಸರ್ಕಾರದ ನಿಲುವು. ಹಾಗಾದರೆ ಆ ಹೆಸರು ಬೇಡವೆಂದು ನಾನ್ಸೆನ್ ತಾವೇ ಒಬ್ಬ ವ್ಯಕ್ತಿಯಾಗಿ ಮಾತುಕತೆಗೆ ಕುಳಿತರು. ಹೆಸರು, ಪದವಿ, ಗೌರವ ಯಾವುದಕ್ಕೂ ಅಂಟಿಕೊಳ್ಳಲಿಲ್ಲ. ಕೈದಿಗಳ ರೈಲುಗಳು ಗಡಿಗೆ ಬರುವುದು, ಅಲ್ಲಿಂದ ಬಾಲ್ಟಿಕ್ ಸಮುದ್ರದ ಮೇಲೆ ಹಡಗಿನಲ್ಲಿ ಜರ್ಮನಿಗೆ ಸಾಗಿಸುವುದು, ಅದೇ ಹಡಗುಗಳಲ್ಲಿ ರಷ್ಯಾದ ಕೈದಿಗಳನ್ನು ಹಿಂದಕ್ಕೆ ತರುವುದು ಎಂದು ವ್ಯವಸ್ಥೆಯಾಯಿತು. ಸೋವಿಯತ್ ಸರ್ಕಾರ ಒಪ್ಪಿದಂತೆ ನಡೆದುಕೊಂಡಿತು. 1922ರ ವೇಳೆಗೆ 4 ಲಕ್ಷ 27 ಸಾವಿರಕ್ಕೂ ಹೆಚ್ಚು ಮಂದಿ ತಮ್ಮ ತಮ್ಮ ದೇಶಗಳನ್ನು ಸೇರಿದರು.

ನನಗೆ ಈ ಘಟನೆಯಲ್ಲಿ ಬಹಳ ದೊಡ್ಡ ಪಾಠವೊಂದು ಕಾಣುತ್ತದೆ. ಎದುರಿನವರ ಸಿದ್ಧಾಂತವನ್ನು ನಾವು ಒಪ್ಪಬೇಕಾಗಿಲ್ಲ. ಅವರೊಂದಿಗೆ ಕುಳಿತು ಮಾತಾಡಿದ ಮಾತ್ರಕ್ಕೆ ಒಪ್ಪಿದಂತೆಯೂ ಆಗುವುದಿಲ್ಲ. ನಡುವೆ ಸಿಕ್ಕಿಬಿದ್ದ ಮನುಷ್ಯರಿಗಾಗಿ ಯಾರಾದರೂ ಮಾತು ಶುರು ಮಾಡಬೇಕಾಗುತ್ತದೆ. ನಮ್ಮ ಊರುಗಳಲ್ಲಿ ಎರಡು ಮನೆಗಳ ನಡುವೆ ವ್ಯಾಜ್ಯ ಬಿದ್ದಾಗ ಇಬ್ಬರ ಮನೆಯಲ್ಲೂ ನೀರು ಕುಡಿಯಬಲ್ಲ ಒಬ್ಬ ಹಿರಿಯ ಬೇಕಾಗುತ್ತಾನೆ. ನಾನ್ಸೆನ್ ಆಗ ಯುರೋಪಿಗೆ ಅಂಥ ಹಿರಿಯರಾಗಿದ್ದರು.

ಊರಿಲ್ಲದ ಹದಿನೈದು ಲಕ್ಷ ಜನ

ಕೈದಿಗಳಿಗೆ ಹೋಗಲು ಊರಿತ್ತು. ಇನ್ನೊಂದು ಗುಂಪಿಗೆ ಅದೂ ಇರಲಿಲ್ಲ. ಅಂತರ್ಯುದ್ಧದಲ್ಲಿ ಸೋತ ಬಿಳಿ ಸೇನೆಯವರು, ಅವರ ಹೆಂಡಿರು ಮಕ್ಕಳು, ಜಮೀನ್ದಾರರು, ಅಧಿಕಾರಿಗಳು, ಉಪಾಧ್ಯಾಯರು, ವೈದ್ಯರು, ವಿದ್ಯಾರ್ಥಿಗಳು, ಕೊಸಾಕ್ ರೈತರು, ಯಾವ ಪಕ್ಷಕ್ಕೂ ಸೇರದ ಸಾಮಾನ್ಯರು ಹೀಗೆ ಸುಮಾರು ಹದಿನೈದು ಲಕ್ಷ ಮಂದಿ ರಷ್ಯಾ ಬಿಟ್ಟು ಓಡಿಬಂದಿದ್ದರೆಂದು ಅಂದಾಜು. 1920ರ ನವೆಂಬರಿನಲ್ಲಿ ಜನರಲ್ ರಾಂಗೆಲ್ ಅವರ ಸೇನೆ ಸೋತಾಗ, ಒಂದೂವರೆ ಲಕ್ಷದಷ್ಟು ಜನ ಕ್ರಿಮಿಯಾದಿಂದ ಹಡಗುಗಳಲ್ಲಿ ಕಿಕ್ಕಿರಿದು ಕಾನ್‌ಸ್ಟಾಂಟಿನೋಪಲ್ ಸೇರಿದರು. ಇಂದಿನ ಇಸ್ತಾಂಬುಲ್ ಅದೇ. ಆ ನಗರ ಯುದ್ಧದಲ್ಲಿ ಗೆದ್ದವರ ಸೇನೆಗಳ ವಶದಲ್ಲಿತ್ತು. ಇಷ್ಟೊಂದು ಜನಕ್ಕೆ ಅಲ್ಲಿ ಅನ್ನವಿಲ್ಲ, ಕೆಲಸವಿಲ್ಲ. ಮುಂದಕ್ಕೆ ಹೋಗೋಣವೆಂದರೆ ಯಾವ ದೇಶವೂ ಬಿಟ್ಟುಕೊಳ್ಳುವುದಿಲ್ಲ.

1921ರ ಆರಂಭದಲ್ಲಿ ರೆಡ್ ಕ್ರಾಸ್ ಸಂಸ್ಥೆ ಈ ಜನರ ಬಗ್ಗೆ ರಾಷ್ಟ್ರಸಂಘಕ್ಕೆ ಮನವಿ ಮಾಡಿತು. ಆ ವರ್ಷವೇ ರಾಷ್ಟ್ರಸಂಘ ನಿರಾಶ್ರಿತರಿಗಾಗಿ ಹೈಕಮಿಷನರ್ ಎಂಬ ಹುದ್ದೆಯನ್ನು ಮಾಡಿ ನಾನ್ಸೆನ್ ಅವರನ್ನು ನೇಮಿಸಿತು. ಹುದ್ದೆ ದೊಡ್ಡದು, ಹಣ ಮಾತ್ರ ಕಚೇರಿ ಖರ್ಚಿಗೆ ಆಗುವಷ್ಟೇ. ನಿರಾಶ್ರಿತರ ಹೊಟ್ಟೆಗೆ ಹಾಕಲು ಒಂದು ಕಾಸನ್ನೂ ರಾಷ್ಟ್ರಸಂಘ ಕೊಡಲಿಲ್ಲ. ದಾನಸಂಸ್ಥೆಗಳಿಂದ, ಸರ್ಕಾರಗಳಿಂದ ಕೇಳಿ ತರಬೇಕಿತ್ತು.

ಅದೇ ಡಿಸೆಂಬರಿನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಒಪ್ಪಿಗೆಯಿಲ್ಲದೆ ದೇಶ ಬಿಟ್ಟವರ ಮತ್ತು ಹೊರದೇಶದಲ್ಲೇ ಉಳಿದವರ ಪೌರತ್ವವನ್ನು ಸೋವಿಯತ್ ಸರ್ಕಾರ ಒಂದು ಆಜ್ಞೆಯಿಂದ ರದ್ದು ಮಾಡಿತು. ಲಕ್ಷಾಂತರ ಜನ ಒಮ್ಮೆಲೇ ಯಾವ ದೇಶಕ್ಕೂ ಸೇರದವರಾದರು. ಅವರ ಬಳಿಯಿದ್ದ ಕಾಗದಗಳು ಇಲ್ಲದ ದೊರೆಯ ಸರ್ಕಾರದವು. ಅವು ಯಾವ ಗಡಿಯಲ್ಲೂ ನಡೆಯುತ್ತಿರಲಿಲ್ಲ.

ಒಂದು ಹಾಳೆ ಕಾಗದದ ಶಕ್ತಿ

ಕಾಗದದ ಬೆಲೆ ಏನೆಂದು ಸರ್ಕಾರಿ ಶಾಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ನಾನು ಇಲ್ಲಿ ಇದ್ದ ವರ್ಷಗಳಲ್ಲಿ, ಜೂನ್ ತಿಂಗಳಲ್ಲಿ ಕಚೇರಿಯ ಮುಂದೆ ಟಿ.ಸಿ. ಇಲ್ಲದ ಮಗುವನ್ನು ಕರೆದುಕೊಂಡು ನಿಂತ ತಂದೆ ತಾಯಿಯರನ್ನು ಪ್ರತಿ ವರ್ಷವೂ ನೋಡಿದ್ದೇನೆ. ಕೂಲಿಗೆಂದು ಒಂದು ಊರಿನಿಂದ ಇನ್ನೊಂದು ಊರಿಗೆ ಬಂದವರು ಅವರು. ಮಗು ಕಣ್ಣೆದುರಿಗೇ ಇದೆ. ಓದಲು ಬರೆಯಲು ಬರುತ್ತದೆ. ಆದರೆ ಅದು ಯಾವ ತರಗತಿಯಲ್ಲಿ ಓದಿತ್ತು, ಯಾವಾಗ ಹುಟ್ಟಿತು ಎಂದು ಹೇಳುವ ಒಂದು ಹಾಳೆ ಇಲ್ಲ. ಆ ಹಾಳೆ ಬರುವವರೆಗೆ ದಾಖಲಾತಿ ಪುಸ್ತಕದಲ್ಲಿ ಆ ಮಗುವಿಗೆ ಒಂದು ಸಾಲು ಇಲ್ಲ. ರೇಷನ್ ಕಾರ್ಡಿಗೆ, ಪಹಣಿಗೆ, ಜಾತಿ ಪ್ರಮಾಣಪತ್ರಕ್ಕೆ ತಾಲ್ಲೂಕು ಕಚೇರಿಗೆ ಅಲೆದವರಿಗೂ ಇದು ಗೊತ್ತು. ಇದನ್ನು ಲಕ್ಷಗಟ್ಟಲೆ ಪಾಲು ದೊಡ್ಡದು ಮಾಡಿ ನೋಡಿದರೆ ಆ ರಷ್ಯನ್ನರ ಸ್ಥಿತಿ ತಿಳಿಯುತ್ತದೆ.

ನಾನ್ಸೆನ್ ಕಂಡುಕೊಂಡ ಉಪಾಯ ಸರಳವಾದದ್ದು. ಈ ಜನರಿಗೆ ಪೌರತ್ವ ಕೊಡಿ ಎಂದು ಅವರು ಯಾವ ದೇಶವನ್ನೂ ಕೇಳಲಿಲ್ಲ, ಕೇಳಿದ್ದರೆ ಯಾರೂ ಒಪ್ಪುತ್ತಿರಲಿಲ್ಲ. ಈ ವ್ಯಕ್ತಿ ಇಂಥವನು, ರಷ್ಯಾ ಮೂಲದ ನಿರಾಶ್ರಿತ ಎಂದು ಹೇಳುವ ಒಂದು ಗುರುತಿನ ಪತ್ರವನ್ನು, ಅವನು ಸದ್ಯ ಇರುವ ದೇಶದ ಸರ್ಕಾರವೇ ಕೊಡಲಿ, ಉಳಿದ ಸರ್ಕಾರಗಳು ಅದನ್ನು ನಂಬಲಿ ಎಂದಷ್ಟೇ ಕೇಳಿದರು. 1922ರ ಜುಲೈ 5ರಂದು ಜಿನೀವಾ ನಗರದಲ್ಲಿ ಹದಿನಾರು ಸರ್ಕಾರಗಳು ಇದಕ್ಕೆ ಸಹಿ ಹಾಕಿದವು. ಕ್ರಮೇಣ ಐವತ್ತಕ್ಕೂ ಹೆಚ್ಚು ಸರ್ಕಾರಗಳು ಒಪ್ಪಿದವು. ಜನ ಇದನ್ನು ನಾನ್ಸೆನ್ ಪಾಸ್‌ಪೋರ್ಟ್ ಎಂದೇ ಕರೆದರು. ಮುಂದೆ 1924ರಲ್ಲಿ ಆರ್ಮೇನಿಯನ್ ನಿರಾಶ್ರಿತರಿಗೂ ಇದು ವಿಸ್ತರಿಸಿತು. 1926ರಿಂದ ನಾನ್ಸೆನ್ ಅವರ ಚಿತ್ರವಿದ್ದ ಐದು ಚಿನ್ನದ ಫ್ರಾಂಕ್ ಬೆಲೆಯ ಸ್ಟಾಂಪನ್ನು ಅದಕ್ಕೆ ಅಂಟಿಸುವ ಪದ್ಧತಿ ಬಂತು. ಕೈಲಾಗದ ಬಡವರಿಗೆ ಅದರಿಂದ ವಿನಾಯಿತಿ. ಸ್ಟಾಂಪಿನ ಹಣ ನಿರಾಶ್ರಿತರ ನಿಧಿಗೆ ಹೋಗುತ್ತಿತ್ತು.

ಈ ಕಾಗದದ ಮಿತಿಗಳನ್ನೂ ಹೇಳಬೇಕು. ಅದರ ಅವಧಿ ಒಂದೇ ವರ್ಷ. ಅದನ್ನು ಹಿಡಿದು ಹೊರಟವನಿಗೆ, ಕೊಟ್ಟ ದೇಶಕ್ಕೆ ಹಿಂದಿರುಗಿ ಬರುವ ಹಕ್ಕು ಮೊದಲಿಗೆ ಇರಲಿಲ್ಲ. ಕೆಲಸ ಮಾಡುವ ಹಕ್ಕನ್ನೂ ಅದು ತಾನಾಗಿ ಕೊಡುತ್ತಿರಲಿಲ್ಲ. ಆದರೂ ಅದು ಕೈಗೆ ಬಂದ ಮೇಲೆ ಜನ ಗಡಿ ದಾಟಲು ಸಾಧ್ಯವಾಯಿತು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕೊಳೆಯುತ್ತಿದ್ದವರು ಸರ್ಬಿಯಾ, ಬಲ್ಗೇರಿಯಾ, ಚೆಕೊಸ್ಲೊವಾಕಿಯಾ, ಫ್ರಾನ್ಸ್ ಕಡೆಗೆ ಹೊರಟರು. ಚೆಕೊಸ್ಲೊವಾಕಿಯಾದ ಅಧ್ಯಕ್ಷ ಮಸಾರಿಕ್ ಅವರ ಸರ್ಕಾರ ರಷ್ಯನ್ ವಿದ್ಯಾರ್ಥಿಗಳಿಗೆ ಓದು ಮುಂದುವರಿಸಲು ನೆರವು ಕೊಟ್ಟಿತು. ಹಿಂದೆ ಸೇನಾಧಿಕಾರಿಗಳಾಗಿದ್ದವರು ಪ್ಯಾರಿಸ್ಸಿನಲ್ಲಿ ಟ್ಯಾಕ್ಸಿ ಓಡಿಸಿ, ಕಾರು ಕಾರ್ಖಾನೆಗಳಲ್ಲಿ ದುಡಿದು ಮಕ್ಕಳನ್ನು ಓದಿಸಿದರು. ಸಂಗೀತಗಾರ ಸ್ಟ್ರಾವಿನ್‌ಸ್ಕಿ, ಚಿತ್ರಕಾರ ಶಗಾಲ್, ಕಾದಂಬರಿಕಾರ ನಬೊಕೊವ್ ಇವರೆಲ್ಲ ಒಂದು ಕಾಲಕ್ಕೆ ಈ ನಾನ್ಸೆನ್ ಕಾಗದವನ್ನೇ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದವರು.

ಬರಗಾಲ ಮತ್ತು ಕೇಳದ ಕಿವಿಗಳು

ಇದೇ ಹೊತ್ತಿನಲ್ಲಿ, 1921ರಲ್ಲಿ, ರಷ್ಯಾದ ವೋಲ್ಗಾ ನದಿಯ ಸೀಮೆಯಲ್ಲಿ ಘೋರ ಬರಗಾಲ ಬಂತು. ಮಳೆ ಕೈಕೊಟ್ಟಿತ್ತು. ಅಂತರ್ಯುದ್ಧದ ವರ್ಷಗಳಲ್ಲಿ ಬೋಲ್ಶೆವಿಕ್ ಸರ್ಕಾರ ರೈತರಿಂದ ದವಸವನ್ನು ಬಲವಂತವಾಗಿ ಎತ್ತಿಕೊಂಡು ಹೋಗಿದ್ದರಿಂದ ಕಣಜಗಳಲ್ಲಿ ಬಿತ್ತನೆ ಬೀಜವೂ ಉಳಿದಿರಲಿಲ್ಲ. ನಾನ್ಸೆನ್ ಮಾಸ್ಕೋಗೆ ಹೋಗಿ ಅಲ್ಲಿನ ವಿದೇಶಾಂಗ ಮಂತ್ರಿ ಚಿಚೆರಿನ್ ಅವರೊಂದಿಗೆ ಆಹಾರ ಹಂಚಿಕೆಯ ಒಪ್ಪಂದ ಮಾಡಿಕೊಂಡರು. ಸೆಪ್ಟೆಂಬರಿನಲ್ಲಿ ರಾಷ್ಟ್ರಸಂಘದ ಸಭೆಯ ಮುಂದೆ ನಿಂತು 50 ಲಕ್ಷ ಪೌಂಡ್ ನೆರವನ್ನು ಸರ್ಕಾರಗಳಿಂದ ಕೇಳಿದರು. ಅಮೆರಿಕದಲ್ಲಿ ಗೋಧಿ ಕೊಳ್ಳುವವರಿಲ್ಲದೆ ಬಿದ್ದಿದೆ, ಅರ್ಜೆಂಟೀನಾದಲ್ಲಿ ಮೆಕ್ಕೆಜೋಳವನ್ನು ರೈಲು ಎಂಜಿನ್ನಿಗೆ ಉರುವಲು ಮಾಡುತ್ತಿದ್ದಾರೆ, ಹಡಗುಗಳು ಬಂದರಿನಲ್ಲಿ ಸುಮ್ಮನೆ ನಿಂತಿವೆ, ಇಲ್ಲಿ ಜನ ಸಾಯುತ್ತಿದ್ದಾರೆ ಎಂಬುದು ಅವರ ವಾದದ ಸಾರಾಂಶ.

ಸರ್ಕಾರಗಳು ಒಪ್ಪಲಿಲ್ಲ. ಆಹಾರ ಕಳಿಸಿದರೆ ಕಮ್ಯುನಿಸ್ಟ್ ಸರ್ಕಾರ ಬಲವಾಗುತ್ತದೆ ಎಂಬ ಅಂಜಿಕೆ ಅವರಿಗೆ. ಸಭೆ ಕೈಚೆಲ್ಲಿತು. ನಾನ್ಸೆನ್ ಬರಪೀಡಿತ ಹಳ್ಳಿಗಳಿಗೇ ಹೋಗಿ, ಅಲ್ಲಿನ ಚಿತ್ರಗಳನ್ನು ತೆಗೆಸಿ ತಂದು, ಊರೂರಲ್ಲಿ ಜನರಿಗೆ ತೋರಿಸಿ ಭಾಷಣ ಮಾಡುತ್ತ ಹಣ ಎತ್ತಿದರು. ಸಾಮಾನ್ಯ ಜನ ಕೊಟ್ಟರು. ಅತಿ ದೊಡ್ಡ ನೆರವು ಬಂದದ್ದು ಅಮೆರಿಕದ ಹರ್ಬರ್ಟ್ ಹೂವರ್ ನಡೆಸುತ್ತಿದ್ದ ಸಂಸ್ಥೆಯಿಂದ. ಅದು ಒಂದು ಹಂತದಲ್ಲಿ ದಿನಕ್ಕೆ ಒಂದು ಕೋಟಿಗೂ ಹೆಚ್ಚು ಜನಕ್ಕೆ ಊಟ ಹಾಕಿತು. ಇಷ್ಟಾದರೂ ಆ ಬರಗಾಲದಲ್ಲಿ ಸುಮಾರು 50 ಲಕ್ಷ ಜನ ಸತ್ತರೆಂದು ಅಂದಾಜು. ಸಹಾಯ ತಡವಾಗಿದ್ದಕ್ಕೆ ತೆತ್ತ ಬೆಲೆಯೂ ಆ ಲೆಕ್ಕದಲ್ಲಿ ಸೇರಿದೆ.

1922ರ ನೊಬೆಲ್ ಶಾಂತಿ ಪ್ರಶಸ್ತಿ ನಾನ್ಸೆನ್ ಅವರಿಗೆ ಬಂತು. ಬಂದ ಹಣವನ್ನು ಅವರು ಇಟ್ಟುಕೊಳ್ಳಲಿಲ್ಲ. ರಷ್ಯಾದ ಕೃಷಿ ನೆರವಿಗೂ ಗ್ರೀಕ್ ನಿರಾಶ್ರಿತರಿಗೂ ಕೊಟ್ಟುಬಿಟ್ಟರು. ಇದನ್ನು ಕಂಡ ಡೆನ್ಮಾರ್ಕಿನ ಪ್ರಕಾಶಕರೊಬ್ಬರು ಅಷ್ಟೇ ಮೊತ್ತವನ್ನು ತಮ್ಮ ಕೈಯಿಂದ ಸೇರಿಸಿದರು.

ಅವರ ಮೇಲಿನ ಟೀಕೆಗಳು

ದೊಡ್ಡವರ ಬಗ್ಗೆ ಬರೆಯುವಾಗ ಬರೀ ಹೊಗಳಿದರೆ ಓದುವ ಮಕ್ಕಳಿಗೆ ಪ್ರಯೋಜನವಿಲ್ಲ. ನಾನ್ಸೆನ್ ಅವರನ್ನು ಎರಡೂ ಕಡೆಯವರು ಬೈದರು. ನಿರಾಶ್ರಿತರು ತಮ್ಮ ಊರಿಗೇ ಸುರಕ್ಷಿತವಾಗಿ ಹಿಂದಿರುಗುವಂತಾದರೆ ಅದೇ ಉತ್ತಮ ಎಂದು ಅವರು ನಂಬಿದ್ದರು. ಅದಕ್ಕಾಗಿ ಸೋವಿಯತ್ ಸರ್ಕಾರದೊಂದಿಗೆ ಮಾತಾಡಿ, ಕೆಲವು ಸಾವಿರ ಕೊಸಾಕರು ಹಿಂದಿರುಗುವಂತೆ ಏರ್ಪಾಟು ಮಾಡಿದರು. ಓಡಿಬಂದವರ ಮುಖಂಡರಿಗೆ ಇದು ಸಹನೆಯಾಗಲಿಲ್ಲ. ಇವರು ಕಮ್ಯುನಿಸ್ಟರ ಗೆಳೆಯ ಎಂದು ದೂರಿದರು. ಅಂಥ ಭಯದಿಂದ ಓಡಿಬಂದವರಿಗೆ ಆ ಸರ್ಕಾರದ ಮಾತಿನ ಮೇಲೆ ನಂಬಿಕೆ ಬಾರದಿದ್ದದ್ದು ಸಹಜವೇ.

ಗ್ರೀಸ್ ಮತ್ತು ಟರ್ಕಿ ನಡುವಣ ಯುದ್ಧದ ನಂತರ ಆದದ್ದು ಇನ್ನೂ ಕಠಿಣ. 1922ರಲ್ಲಿ ಗ್ರೀಕ್ ಸೇನೆ ಸೋತು, ಟರ್ಕಿಯಲ್ಲಿದ್ದ ಗ್ರೀಕರು ಲಕ್ಷಗಟ್ಟಲೆ ಓಡಿಬಂದರು. ಎರಡೂ ದೇಶಗಳು ಜನರನ್ನೇ ಅದಲುಬದಲು ಮಾಡಿಕೊಳ್ಳುವ ಸಲಹೆಯಲ್ಲಿ ನಾನ್ಸೆನ್ ಅವರ ಕೈಯೂ ಇತ್ತು. 1923ರ ಲೌಸಾನ್ ಒಪ್ಪಂದದಂತೆ ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿಗೂ ಸುಮಾರು 4 ಲಕ್ಷ ಮುಸ್ಲಿಮರು ಟರ್ಕಿಗೂ ಸೇರಿದರು. ಕೊಲೆಗಳು ನಿಲ್ಲಲಿ ಎಂಬುದು ಉದ್ದೇಶ. ಆದರೆ ಅದು ಕಡ್ಡಾಯ ವಿನಿಮಯ. ತಲೆತಲಾಂತರದಿಂದ ಇದ್ದ ಮನೆ, ಹೊಲ, ಹಿರಿಯರ ಸಮಾಧಿ ಬಿಟ್ಟು ಬರಲು ಇಷ್ಟವಿದೆಯೇ ಎಂದು ಆ ಜನರನ್ನು ಯಾರೂ ಕೇಳಲಿಲ್ಲ. ನಮ್ಮಲ್ಲಿ 1947ರ ದೇಶ ವಿಭಜನೆಯ ಕಥೆ ಓದಿದವರಿಗೆ ಈ ನೋವು ಹೊಸದಲ್ಲ.

1925ರಲ್ಲಿ ಅವರು ಸೋವಿಯತ್ ಆರ್ಮೇನಿಯಾಕ್ಕೆ ಹೋದರು. ಟರ್ಕಿಯ ಹತ್ಯಾಕಾಂಡದಿಂದ ಉಳಿದ ಆರ್ಮೇನಿಯನ್ನರಿಗೆ ಅಲ್ಲಿನ ಒಣಭೂಮಿಗೆ ನೀರು ಹರಿಸಿ ನೆಲೆ ಕೊಡಿಸುವುದು ಅವರ ಯೋಜನೆ. ನಾಲೆಗಳ ನಕ್ಷೆ, ಖರ್ಚಿನ ಲೆಕ್ಕ ಎಲ್ಲ ಸಿದ್ಧವಾಯಿತು. ಸಾಲ ಕೊಡಲು ಸರ್ಕಾರಗಳು ಮುಂದೆ ಬರಲಿಲ್ಲ. ವರ್ಷಗಟ್ಟಲೆ ಕೇಳಿ ಕೇಳಿ ಅವರು ಸೋತರು. ಆ ಸೋಲು ಅವರನ್ನು ಕೊನೆಯವರೆಗೂ ಕಾಡಿತು.

ಕೊನೆಯ ದಿನಗಳು, ಆಮೇಲಿನ ದಿನಗಳು

1930ರ ಮೇ 13ರಂದು, ಓಸ್ಲೋ ಹತ್ತಿರದ ತಮ್ಮ ಮನೆಯಲ್ಲಿ ನಾನ್ಸೆನ್ ತೀರಿಕೊಂಡರು. ಅರವತ್ತೆಂಟು ವಯಸ್ಸಾಗಿತ್ತು. ಮೇ 17 ನಾರ್ವೆಯ ರಾಷ್ಟ್ರೀಯ ದಿನ, ಮಕ್ಕಳು ಬಾವುಟ ಹಿಡಿದು ಮೆರವಣಿಗೆ ಹೋಗುವ ದಿನ. ಅದೇ ದಿನ ಅವರ ಅಂತ್ಯಕ್ರಿಯೆ ನಡೆಯಿತು.

ಅವರ ಹೆಸರಿನಲ್ಲಿ ನಡೆದ ನಿರಾಶ್ರಿತರ ಕಚೇರಿಗೆ 1938ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಮಗ ಓಡ್ ನಾನ್ಸೆನ್ ವಾಸ್ತುಶಿಲ್ಪಿ. ಹಿಟ್ಲರನ ಕಾಟಕ್ಕೆ ಓಡಿಬಂದ ಯಹೂದಿಗಳಿಗೆ ನೆರವಾಗಲು 1936ರಲ್ಲಿ ಸಂಸ್ಥೆಯೊಂದನ್ನು ಕಟ್ಟಿದರು. ಜರ್ಮನರು ನಾರ್ವೆಯನ್ನು ಹಿಡಿದಾಗ ಸೆರೆಯಾಗಿ ಯುದ್ಧ ಮುಗಿಯುವ ಹೊತ್ತಿನವರೆಗೆ ನಾಜಿ ಶಿಬಿರಗಳಲ್ಲಿದ್ದರು. ರಷ್ಯಾದ ಬರಗಾಲದಲ್ಲೂ ಆರ್ಮೇನಿಯಾದಲ್ಲೂ ನಾನ್ಸೆನ್ ಅವರ ಸಹಾಯಕನಾಗಿದ್ದ ಕ್ವಿಸ್ಲಿಂಗ್ ಎಂಬಾತ ಅದೇ ಜರ್ಮನರ ಜೊತೆ ಸೇರಿ ಕೈಗೊಂಬೆ ಸರ್ಕಾರ ನಡೆಸಿ, 1945ರಲ್ಲಿ ದೇಶದ್ರೋಹಕ್ಕಾಗಿ ಮರಣದಂಡನೆಗೆ ಗುರಿಯಾದ. ದೊಡ್ಡವರ ನೆರಳಿನಲ್ಲಿ ಇದ್ದ ಮಾತ್ರಕ್ಕೆ ದೊಡ್ಡಗುಣ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಎರಡನೇ ಮಹಾಯುದ್ಧದ ನಂತರ ವಿಶ್ವಸಂಸ್ಥೆ ಬಂತು. ಅದರ ನಿರಾಶ್ರಿತರ ಹೈಕಮಿಷನರ್ ಕಚೇರಿ ನಾನ್ಸೆನ್ ಹಾಕಿದ ಪಾಯದ ಮೇಲೇ ನಿಂತಿದೆ. 1951ರ ಅಂತಾರಾಷ್ಟ್ರೀಯ ಒಪ್ಪಂದದಲ್ಲಿ ನಿರಾಶ್ರಿತರಿಗೆ ಪ್ರಯಾಣಪತ್ರ ಕೊಡಬೇಕೆಂಬ ನಿಯಮ ಇದೆ. 1954ರಿಂದ ಆ ಕಚೇರಿ ನಾನ್ಸೆನ್ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದೆ. ಮೊದಲನೆಯದು ಎಲಿನಾರ್ ರೂಸ್‌ವೆಲ್ಟ್ ಅವರಿಗೆ ಸಂದಿತು.

ನಮ್ಮ ನಡುವೆ ಇರುವವರು

ಇದೆಲ್ಲ ದೂರದ ಹಿಮದ ನಾಡಿನ ಕಥೆ, ನಮಗೇನು ಎಂದು ಯಾರಾದರೂ ಕೇಳಬಹುದು. ಚಳಿಗಾಲದಲ್ಲಿ ನಮ್ಮ ಪೇಟೆಗಳಲ್ಲಿ ಸ್ವೆಟರ್ ಮಾರುವ ಟಿಬೆಟನ್ನರನ್ನು ನೋಡದವರು ಯಾರಿದ್ದಾರೆ? 1950ರಲ್ಲಿ ಕಮ್ಯುನಿಸ್ಟ್ ಚೀನಾದ ಸೇನೆ ಟಿಬೆಟನ್ನು ಹೊಕ್ಕಿತು. 1959ರಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಸುಮಾರು 80 ಸಾವಿರ ಜನ ಹಿಮಾಲಯ ದಾಟಿ ಅವರನ್ನು ಹಿಂಬಾಲಿಸಿದರು. ಅವರಿಗೆ ಜಾಗ ಕೊಡಲು ಮುಂದೆ ಬಂದ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯ ದೊಡ್ಡದು. 1960ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಚಳಿಯ ನಾಡಿನಿಂದ ಬಂದ ಜನ ನಮ್ಮ ಬಿಸಿಲಿನಲ್ಲಿ ಕಾಡು ಕಡಿದು, ಆನೆಗಳ ಕಾಟ ತಡೆದು ಮುಸುಕಿನ ಜೋಳ ಬೆಳೆದರು. ಆಮೇಲೆ ಮುಂಡಗೋಡ, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯಗಳಲ್ಲೂ ನೆಲೆಯಾದವು.

ಭಾರತ 1951ರ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೂ ಈ ಜನಕ್ಕೆ ಇಲ್ಲಿ ವಾಸಿಸಲು ನೋಂದಣಿ ಪತ್ರ, ಹೊರದೇಶಕ್ಕೆ ಹೋಗಲು ಹಳದಿ ಬಣ್ಣದ ಗುರುತಿನ ಪುಸ್ತಕವನ್ನು ಕೊಟ್ಟಿದೆ. ಆ ಹಳದಿ ಪುಸ್ತಕ ಪೌರತ್ವವಲ್ಲ. ಈ ಮನುಷ್ಯ ಇಂಥವನು ಎಂದು ನಾವು ಬಲ್ಲೆವು ಎಂದು ಹೇಳುವ ಕಾಗದ, ಅಷ್ಟೆ. 1922ರಲ್ಲಿ ನಾನ್ಸೆನ್ ಸರ್ಕಾರಗಳಿಂದ ಕೇಳಿಕೊಂಡದ್ದೂ ಅಷ್ಟನ್ನೇ.

ಈಗ ಈ ಶಾಲೆಯಲ್ಲಿ ಓದುತ್ತಿರುವ ಮಕ್ಕಳಲ್ಲಿ ಮುಂದೆ ಕೆಲವರು ಗುಮಾಸ್ತರಾಗುತ್ತಾರೆ, ಗ್ರಾಮಲೆಕ್ಕಿಗರಾಗುತ್ತಾರೆ, ಉಪಾಧ್ಯಾಯರಾಗುತ್ತಾರೆ, ಪೊಲೀಸರಾಗುತ್ತಾರೆ. ನಿಮ್ಮ ಮೇಜಿನ ಮುಂದೆ ಒಂದು ದಿನ ಕಾಗದವಿಲ್ಲದ ಒಬ್ಬ ಮನುಷ್ಯ ಬಂದು ನಿಲ್ಲುತ್ತಾನೆ. ನಿಯಮ ನಿಮ್ಮ ಕೈ ಕಟ್ಟಿರಬಹುದು, ಆದರೆ ನಿಯಮದ ಒಳಗೇ ಅವನಿಗೊಂದು ದಾರಿ ಹುಡುಕುವುದು ನಿಮ್ಮ ಕೈಯಲ್ಲಿರುತ್ತದೆ. ಐವತ್ತು ವರ್ಷಗಳಲ್ಲಿ ಸಾವಿರಾರು ಮಕ್ಕಳ ಹೆಸರನ್ನು ದಾಖಲಾತಿ ಪುಸ್ತಕದಲ್ಲಿ ಬರೆದುಕೊಂಡ ಈ ಶಾಲೆ ಇನ್ನೂ ನೂರು ವರ್ಷ ಬರೆಯುತ್ತಿರಲಿ, ಬಾಗಿಲಿಗೆ ಬಂದ ಯಾವ ಮಗುವೂ ಹೆಸರು ಬರೆಸದೆ ಹಿಂದಿರುಗದಿರಲಿ ಎಂದು ಹಾರೈಸುತ್ತೇನೆ.